ಗರಿ ಕಿರೀಟ ಹೋಗಿ ಮರದ ವೇಷ ಬಂದ ಕತೆ

ತಂಗೆಯ ಮಗಳು ಕ್ಯಾಲಿಫೋರ್ನಿಯಾಂದ ಮಕ್ಕೊಗೆ ಅಂಗಿ ತಂದಿತ್ತು. ಕೆಂಪು ಬಣ್ಣದ ಇಂಗ್ಲಿಷ್ 'ಎಸ್' ಅಕ್ಷರ, ಅದರ ನಡುಕೆ ಒಂದು ಹಸುರು ಮರ. ಸ್ಟ್ಯಾನ್‌ಫರ್ಡ್ ಹೇಳ್ತ ಕಾಲೇಜಿಂದು. ಆಚಮನೆ ಅತ್ತಿಗೆ ನೋಡಿ, "ಇದೆಂತರ, ಅರಣ್ಯ ಇಲಾಖೆದೋ?" ಹೇಳಿ ಕೇಳಿದವು. ಅವಕ್ಕೆ ಹೇಳಿದ ಕತೆಯ ನಿಂಗೊಗೂ ಹೇಳ್ತೆ.

ಅಮೇರಿಕಲ್ಲಿ ಕಾಲೇಜಿನ ಆಟದ ತಂಡಕ್ಕೆ ಒಂದು ಹೆಸರು, ಒಂದು ವೇಷ ಬೇಕೇ ಬೇಕು. ಮಾಸ್ಕಾಟ್ ಹೇಳ್ತವು. ಸ್ಟ್ಯಾನ್‌ಫರ್ಡಿನ ಎದುರಾಳಿ ಬರ್ಕ್ಲಿಯವಕ್ಕೆ ಕರಡಿ. ಇವು 1930ರಲ್ಲಿ ಆರಿಸಿದ್ದು ಪ್ರಾಣಿಯ ಅಲ್ಲ, ಮನುಷ್ಯನ: 'ಇಂಡಿಯನ್'. ನಮ್ಮ ಹಾಂಗಿಪ್ಪ ಇಂಡಿಯನ್ ಅಲ್ಲ, ಆ ದೇಶದ ಮೂಲನಿವಾಸಿಗೊ. ದೊಡ್ಡ ಮೂಗಿನ ಕುಳ್ಳನ ಚಿತ್ರ ಬರದು ಎಲ್ಲೋಡಿಕೆ ಅಂಟುಸಿದವು. ಕಾಲೇಜು ಇಪ್ಪ ಜಾಗೆಯೇ ಒಂದು ಕಾಲಲ್ಲಿ ಓಲೋನಿ ಹೇಳ್ತ ಮೂಲನಿವಾಸಿಗಳದ್ದು. ಜಾಗೆ ಹೋತು, ಒಳುದ್ದು ಚಿತ್ರದ ಮೂಗು ಮಾಂತ್ರ.

1951ರಿಂದ ಟಿಮ್ ವಿಲಿಯಮ್ಸ್ ಹೇಳುವವು 'ಪ್ರಿನ್ಸ್ ಲೈಟ್‌ಫುಟ್' ಹೇಳಿ ಹೆಸರು ಮಡಿಕ್ಕೊಂಡು, ಗರಿ ಕಿರೀಟ ಕಟ್ಟಿ ಮೈದಾನಲ್ಲಿ ಕೊಣಿತ್ತಾ ಇತ್ತಿದ್ದವು. ಅವು ನಿಜವಾಗಿಯೂ ಯೂರೋಕ್ ಹೇಳ್ತ ಬುಡಕಟ್ಟಿನವು. "ಅಂಬಗ ತಪ್ಪೆಂತರ, ಅವರ ಜೆನವೇ ಕೊಣಿವದಲ್ಲದೋ?" ಹೇಳಿ ಅತ್ತಿಗೆ. ಸುಲಾಬಲ್ಲಿ ಉತ್ತರ ಹೇಳುಲೆ ಎಡಿಯ. ಆದರೆ ನಮ್ಮ ಯಕ್ಷಗಾನದ ರಾಕ್ಷಸ ಚೌಕಿಗೆ ಹೋಗಿ ಬಣ್ಣ ತೊಳದರೆ ಮತ್ತೆ ಆರದ್ದೋ ಮನೆಯ ಭಾವನೇ. ಕ್ಲಾಸಿಲ್ಲಿ ಕೂದ ಆ ಮಕ್ಕೊ ಎಂತರ ತೊಳೆಯೇಕು? ಅವರ ಮೋರೆಯನ್ನೇ ಅಲ್ಲದೋ ವೇಷ ಮಾಡಿದ್ದು!

1970ರ ಹೊತ್ತಿಂಗೆ ಮೂಲನಿವಾಸಿ ಮಕ್ಕೊ ಮದಲು ಕುಣಿತ ನಿಲ್ಲುಸಿ ಹೇಳಿದವು. 1972ರಲ್ಲಿ ವಿದ್ಯಾರ್ಥಿಗಳೂ ಸಿಬ್ಬಂದಿಗಳೂ ಸೇರಿ 55 ಜೆನ ಅರ್ಜಿ ಕೊಟ್ಟವು. ಅಷ್ಟು ದೊಡ್ಡ ಕಾಲೇಜಿಲ್ಲಿ ಬರೀ 55! ಆಡಳಿತ ಕೇಳಿತ್ತು. ಆ ವರ್ಷವೇ 'ಇಂಡಿಯನ್' ಹೋತು. ಹಳೆ ವಿದ್ಯಾರ್ಥಿಗೊ ಸುಮಾರು ಜೆನ ಕೋಪ ಮಾಡಿಗೊಂಡವು, ವಾಪಾಸು ತಪ್ಪಲೂ ನೋಡಿದವು. ಆಯಿದಿಲ್ಲೆ.

ಮತ್ತೆ ಎಂತ ಹೆಸರು ಮಡುಗುದು? ಇಲ್ಲಿ ಒಂದು ತಮಾಷೆ ಇದ್ದು. ಈ ಕಾಲೇಜು ಕಟ್ಟಿದ್ದು ಲೇಲ್ಯಾಂಡ್ ಸ್ಟ್ಯಾನ್‌ಫರ್ಡ್, ಜೇನ್ ಹೇಳ್ತ ಗೆಂಡ ಹೆಂಡತಿ. ಒಬ್ಬನೇ ಮಗ 1884ರಲ್ಲಿ, 15 ವರ್ಷದ ಮಾಣಿ, ಟೈಫಾಯ್ಡ್ ಜ್ವರಲ್ಲಿ ತೀರಿಹೋದ. ಅವನ ನೆಂಪಿಂಗೆ ಅವನ ಹೆಸರಿಲ್ಲೇ 1891ರಲ್ಲಿ ಕಾಲೇಜು ಸುರು ಮಾಡಿದವು. ಅಪ್ಪ ರೈಲಿನ ದೊಡ್ಡ ಧನಿ. ಅಂಥ ಧನಿಗೊಕ್ಕೆ ಜೆನಂಗೊ 'ರಾಬರ್ ಬ್ಯಾರನ್', ಹೇಳಿರೆ ದರೋಡೆ ಧನಿ, ಹೇಳಿ ಬೈಗು. 1975ರಲ್ಲಿ ಮಕ್ಕೊ ಓಟು ಹಾಕಿ ತಂಡಕ್ಕೆ ಅದೇ ಹೆಸರು ಆರಿಸಿದವು! ಆಡಳಿತ ಒಪ್ಪಿದ್ದಿಲ್ಲೆ. ಎನಗೆ ಆ ಅಬ್ಬೆಯ ಗ್ರೇಶಿರೆ ಪಾಪ ಕಾಣ್ತು, ಆದರೆ ನೆಗೆ ತಡವಲೆ ಎಡಿತ್ತಿಲ್ಲೆ.

ಆ ವರ್ಷವೇ ಕಾಲೇಜಿನ ಬೇಂಡಿನ ಮಕ್ಕೊ ಆಟದ ಮಧ್ಯಂತರಲ್ಲಿ ಕುಶಾಲಿಂಗೆ ಬೇರೆ ಬೇರೆ ವೇಷ ತೋರ್ಸಿದವು: ಹಬೆ ಬಿಡ್ತ ಮ್ಯಾನ್‌ಹೋಲು, ಹೊರುದ ಬಟಾಟೆ ತುಂಡು, ಮತ್ತೆ ಒಂದು ಮರ. ಜೆನಕ್ಕೆ ಹಿಡಿಸಿದ್ದು ಮರ. ಅಲ್ಲಿ ಎಲ್ ಪಾಲೊ ಆಲ್ಟೊ ಹೇಳಿ ಸಾವಿರ ವರ್ಷ ಕಳುದ ರೆಡ್‌ವುಡ್ ಮರ ಇದ್ದು. ಊರಿಂಗೂ ಅದರದ್ದೇ ಹೆಸರು, ಕಾಲೇಜಿನ ಮುದ್ರೆಲಿಯೂ ಅದೇ. ಪ್ರತಿ ವರ್ಷ ಮರ ಆವುತ್ತ ವಿದ್ಯಾರ್ಥಿ ತನ್ನ ವೇಷವ ತಾನೇ ಹೊಸತ್ತಾಗಿ ಮಾಡಿಗೊಳ್ಳೇಕು. ಕಣ್ಣುಗುಡ್ಡೆ, ಬಾಯಿ, ಎಲೆ, ಒಂದು ವರ್ಷದ್ದರ ಹಾಂಗೆ ಇನ್ನೊಂದು ಇಲ್ಲೆ. ಹೊಲಿಗೆ ಗೊಂತಿಪ್ಪವಕ್ಕೆ ಅದರ ಪಟ ನೋಡಿರೆ ತಲೆಬೆಶಿ ಅಕ್ಕು!

ತಂಡದ ಹೆಸರು ಮಾಂತ್ರ ಮರ ಅಲ್ಲ. 1981ರಲ್ಲಿ ಅಧ್ಯಕ್ಷ ಡೊನಾಲ್ಡ್ ಕೆನಡಿ 'ಕಾರ್ಡಿನಲ್' ಹೇಳಿ ನಿಗಂಟು ಮಾಡಿದವು. ಅದು ಹಕ್ಕಿ ಅಲ್ಲ, ಕಡುಕೆಂಪು ಬಣ್ಣ. ಮರ ಬೇಂಡಿಂದು.

ಅಂಬಗ ಅಲ್ಲಿ ಮೂಲನಿವಾಸಿಗಳ ಕುಣಿತವೇ ಇಲ್ಲೆಯೋ? ಇದ್ದು. ಆ ಮಕ್ಕೊ 1971ರಲ್ಲೇ 'ಪೌವೌ' ಹೇಳ್ತ ಮೇಳ ಸುರು ಮಾಡಿದವು. ಈಗಳೂ ಮೇ ತಿಂಗಳಿಲ್ಲಿ, ಅಮ್ಮಂದಿರ ದಿನದ ವಾರಾಂತ್ಯಲ್ಲಿ ನಡೆತ್ತು. ಬೇರೆ ಬೇರೆ ಬುಡಕಟ್ಟಿನ ಅಜ್ಜಿಯಕ್ಕೊ, ಪುಳ್ಯಕ್ಕೊ ಅವರವರ ವಸ್ತ್ರಲ್ಲಿ ಬಂದು ಕೊಣಿತ್ತವು. ಅಲ್ಲಿ ಬಾಲೂ ಇಲ್ಲೆ, ಗೋಲೂ ಇಲ್ಲೆ.