ಗಡಿ ದಾಟುವ ಬಂದೂಕು: ಅಮೆರಿಕದಲ್ಲಿ ಅಂತರರಾಜ್ಯ ಖಾಸಗಿ ಮಾರಾಟದ ಕಾನೂನು, 1927–2022

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಂದೂಕು ವ್ಯಾಪಾರವನ್ನು ವೃತ್ತಿಯಾಗಿ ನಡೆಸದ ವ್ಯಕ್ತಿಯೊಬ್ಬ ತನ್ನ ರೈಫಲನ್ನು ಅದೇ ರಾಜ್ಯದ ಮತ್ತೊಬ್ಬನಿಗೆ ಮಾರಿದರೆ, ಒಕ್ಕೂಟ ಕಾನೂನಿನ ಮಟ್ಟಿಗೆ ಅದಕ್ಕೆ ಪರವಾನಗಿಯಾಗಲಿ, ದಾಖಲೆಯಾಗಲಿ, ಕೊಳ್ಳುವವನ ಪೂರ್ವಾಪರದ ತಪಾಸಣೆಯಾಗಲಿ ಸಾಮಾನ್ಯವಾಗಿ ಬೇಕಿಲ್ಲ. ಅದೇ ರೈಫಲನ್ನು ಪಕ್ಕದ ರಾಜ್ಯದ ನಿವಾಸಿಯೆಂದು ತಿಳಿದೂ ಒಬ್ಬನ ಕೈಗೆ ನೇರವಾಗಿ ಕೊಟ್ಟರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆಯುಧವನ್ನು ಇಟ್ಟುಕೊಳ್ಳುವುದಕ್ಕೇ ಪರವಾನಗಿ ಕೇಳುವ ಭಾರತದ 1959ರ ಆಯುಧ ಕಾಯ್ದೆಗೆ ಒಗ್ಗಿಕೊಂಡ ಓದುಗರಿಗೆ ಈ ವ್ಯವಸ್ಥೆ ತಲೆಕೆಳಗಾದಂತೆ ಕಾಣಬಹುದು. ಅಮೆರಿಕದಲ್ಲಿ ಶಾಂತಿಪಾಲನೆಯ ಸಾಮಾನ್ಯ ಅಧಿಕಾರ ರಾಜ್ಯಗಳದ್ದಾಗಿದ್ದು, ಒಕ್ಕೂಟದ ಶಾಸನಸಭೆಯಾದ ಕಾಂಗ್ರೆಸ್ ಸಂವಿಧಾನ ತನಗೆ ಹೆಸರಿಟ್ಟು ಕೊಟ್ಟಿರುವ ಅಧಿಕಾರಗಳ ಮೂಲಕವೇ ಈ ಕ್ಷೇತ್ರವನ್ನು ಪ್ರವೇಶಿಸಬೇಕಾಯಿತು ಎಂಬುದನ್ನು ಗಮನಿಸಿದಾಗ ಮಾತ್ರ ಇದರ ತರ್ಕ ಬಿಡಿಸಿಕೊಳ್ಳುತ್ತದೆ.

ಹಾಗೆ ಬಳಕೆಗೆ ಬಂದ ಮೊದಲ ಅಧಿಕಾರ ಅಂಚೆಯದ್ದು. ಪಿಸ್ತೂಲು, ರಿವಾಲ್ವರ್‌ಗಳಂತೆ ಮೈಮೇಲೆ ಬಚ್ಚಿಡಬಹುದಾದ ಆಯುಧಗಳನ್ನು ಸಾರ್ವಜನಿಕರಿಗೆ ಅಂಚೆಯಲ್ಲಿ ಕಳುಹಿಸುವುದನ್ನು 1927ರ ಕಾಯ್ದೆ ನಿಷೇಧಿಸಿತಾದರೂ, ಖಾಸಗಿ ಪಾರ್ಸೆಲ್ ಕಂಪನಿಗಳು ಅದರ ವ್ಯಾಪ್ತಿಗೆ ಬರಲಿಲ್ಲವಾದ್ದರಿಂದ ಸರಕು ಅಂಚೆಕಚೇರಿಯನ್ನು ಬಿಟ್ಟು ರೈಲ್ವೆ ಪಾರ್ಸೆಲ್ ದಾರಿ ಹಿಡಿಯಿತು. 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ತೆರಿಗೆಯ ಅಧಿಕಾರವನ್ನು ಆಧರಿಸಿ ಮೆಷಿನ್ ಗನ್ ಹಾಗೂ ನಳಿಗೆ ಮೊಟಕುಗೊಳಿಸಿದ ಬಂದೂಕುಗಳ ಪ್ರತಿ ಹಸ್ತಾಂತರಕ್ಕೂ 200 ಡಾಲರ್ ತೆರಿಗೆ ಹಾಕಿತು. ಮೂಲ ಮಸೂದೆಯಲ್ಲಿದ್ದ ಪಿಸ್ತೂಲುಗಳನ್ನು ಅಂಗೀಕಾರಕ್ಕೆ ಮುನ್ನ ಕೈಬಿಡಲಾಯಿತು. ಮೂರನೆಯದಾದ 1938ರ ಒಕ್ಕೂಟ ಬಂದೂಕು ಕಾಯ್ದೆ ಅಂತರರಾಜ್ಯ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರವನ್ನು ನೆಚ್ಚಿಕೊಂಡಿತು. ಗಡಿಯಾಚೆಗೆ ಬಂದೂಕು ಸಾಗಿಸುವ ವ್ಯಾಪಾರಿ ವರ್ಷಕ್ಕೆ ಒಂದು ಡಾಲರ್ ಕೊಟ್ಟು ಪರವಾನಗಿ ಪಡೆಯಬೇಕಾಗಿತ್ತು. ಹಿಂಸಾತ್ಮಕ ಅಪರಾಧದಲ್ಲಿ ಶಿಕ್ಷೆಯಾದವನಿಗೆ ತಿಳಿದೂ ತಿಳಿದೂ ಬಂದೂಕು ಕಳುಹಿಸುವಂತಿರಲಿಲ್ಲ. ಆದರೆ ಕೊಳ್ಳುವವನು ಯಾರೆಂದು ವಿಚಾರಿಸುವ ಹೊಣೆಯನ್ನು ಅದು ಯಾರ ಮೇಲೂ ಹೊರಿಸದ ಕಾರಣ, ‘ತಿಳಿದೂ’ ಎಂಬ ಷರತ್ತು ತಿಳಿದುಕೊಳ್ಳದಿರುವವನಿಗೇ ಅನುಕೂಲವಾಗಿ ಪರಿಣಮಿಸಿತು.

ಈ ಕಾಯ್ದೆಗಳ ಸಂದುಗಳು ಎಷ್ಟು ಅಗಲವಾಗಿದ್ದವೆಂಬುದನ್ನು 1963ರ ಎರಡು ಪಾರ್ಸೆಲ್‌ಗಳು ತೋರಿಸುತ್ತವೆ. ಅದೇ ವರ್ಷ ಮುಂದೆ ಅಧ್ಯಕ್ಷ ಜಾನ್ ಕೆನಡಿಯವರನ್ನು ಹತ್ಯೆ ಮಾಡಿದ ಲೀ ಹಾರ್ವೆ ಆಸ್ವಾಲ್ಡ್ ಪತ್ರಿಕೆಯೊಂದರಲ್ಲಿ ಬಂದ ಜಾಹೀರಾತಿನ ಕೂಪನ್ ತುಂಬಿ, ‘ಎ. ಹಿಡೆಲ್’ ಎಂಬ ಸುಳ್ಳು ಹೆಸರಿನಲ್ಲಿ, ಷಿಕಾಗೊದ ಕ್ಲೈನ್ಸ್ ಸ್ಪೋರ್ಟಿಂಗ್ ಗೂಡ್ಸ್ ಅಂಗಡಿಗೆ 21 ಡಾಲರ್ 45 ಸೆಂಟ್‌ಗಳ ಮನಿಯಾರ್ಡರ್ ಕಳುಹಿಸಿದ. ದುರ್ಬೀನು ಜೋಡಿಸಿದ ಇಟಲಿಯ ಹಳೆಯ ಸೈನಿಕ ರೈಫಲ್ ಟೆಕ್ಸಾಸ್‌ನ ಡಲ್ಲಾಸ್ ಅಂಚೆಕಚೇರಿಯ 2915ನೆಯ ಪೆಟ್ಟಿಗೆಯ ವಿಳಾಸಕ್ಕೆ ಬಂದು ತಲುಪಿತು. ಅದೇ ಹೊತ್ತಿನಲ್ಲಿ ಲಾಸ್ ಏಂಜಲಿಸ್‌ನ ಇನ್ನೊಂದು ಸಂಸ್ಥೆಯಿಂದ ಅವನು ತರಿಸಿದ ರಿವಾಲ್ವರ್ ಮಾತ್ರ ರೈಲ್ವೆ ಎಕ್ಸ್‌ಪ್ರೆಸ್ ಪಾರ್ಸೆಲ್‌ನಲ್ಲಿ ಬಂದಿತು. 1927ರ ಕಾಯ್ದೆ ಅಂಚೆಯ ಬಾಗಿಲನ್ನಷ್ಟೇ ಮುಚ್ಚಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಕನೆಕ್ಟಿಕಟ್‌ನ ಸೆನೆಟರ್ ಥಾಮಸ್ ಡಾಡ್ ಅಂಚೆ ಮೂಲಕ ನಡೆಯುವ ಪಿಸ್ತೂಲು ವ್ಯಾಪಾರದ ವಿರುದ್ಧ ಮಸೂದೆ ಮಂಡಿಸಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ, ಅಂದರೆ ನವೆಂಬರ್ 22ರ ಕೆನಡಿ ಹತ್ಯೆಗೆ ಮೊದಲೇ. ಹತ್ಯೆಯ ನಂತರ ಅದರೊಳಗೆ ರೈಫಲ್‌ಗಳೂ ಸೇರಿದವು. ಹೀಗಾಗಿ ಕಾನೂನು ಆ ಹತ್ಯೆಯಿಂದಲೇ ಹುಟ್ಟಿತೆಂಬ ಜನಪ್ರಿಯ ನಂಬಿಕೆ ಅರ್ಧ ಸತ್ಯವಷ್ಟೇ. ಆ ಮಸೂದೆ ನಾಲ್ಕಕ್ಕೂ ಹೆಚ್ಚು ವರ್ಷ ಕುಂಟುತ್ತ ಸಾಗಿತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದ ಮೇಲೆ, ಅಕ್ಟೋಬರ್ 22ರಂದು ಅಧ್ಯಕ್ಷ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ರಾಷ್ಟ್ರವ್ಯಾಪಿ ನೋಂದಣಿ ಮತ್ತು ಮಾಲೀಕರ ಪರವಾನಗಿ ಅದರಲ್ಲಿ ಸೇರಲಿಲ್ಲವೆಂಬ ಅಸಮಾಧಾನವನ್ನು ಅವರು ಆ ದಿನವೇ ಬಹಿರಂಗವಾಗಿ ಹೇಳಿದರು.

1968ರ ಕಾಯ್ದೆ ಖಾಸಗಿ ವ್ಯಕ್ತಿಗಳ ಅಂತರರಾಜ್ಯ ವ್ಯವಹಾರವನ್ನು ಎರಡೂ ತುದಿಗಳಿಂದ ಹಿಡಿಯಿತು. ಪರವಾನಗಿ ಇಲ್ಲದವನು ಬೇರೆ ರಾಜ್ಯದಲ್ಲಿ ಪಡೆದ ಬಂದೂಕನ್ನು ತಾನು ವಾಸಿಸುವ ರಾಜ್ಯದೊಳಗೆ ತರುವುದನ್ನು ಒಂದು ಉಪಕಲಂ ನಿಷೇಧಿಸಿದರೆ, ಬೇರೆ ರಾಜ್ಯದ ನಿವಾಸಿಯೆಂದು ತಿಳಿದಿದ್ದೋ, ಹಾಗೆ ನಂಬಲು ಸಕಾರಣವಿದ್ದೋ ಪರವಾನಗಿ ಇಲ್ಲದ ಇನ್ನೊಬ್ಬನಿಗೆ ಹಸ್ತಾಂತರಿಸುವುದನ್ನು ಮತ್ತೊಂದು ಉಪಕಲಂ ನಿಷೇಧಿಸಿತು. ಮಾರಾಟವಷ್ಟೇ ಅಲ್ಲದೆ ವಿನಿಮಯ ಮತ್ತು ಉಡುಗೊರೆಯೂ ಇದರೊಳಗೆ ಬರುತ್ತವೆ. ಉಯಿಲಿನಿಂದ ಅಥವಾ ವಾರಸುದಾರಿಕೆಯಿಂದ ಬಂದ ಬಂದೂಕಿಗೂ, ಬೇಟೆಯಂಥ ಕ್ರೀಡೆಗಾಗಿ ತಾತ್ಕಾಲಿಕವಾಗಿ ಎರವಲು ಕೊಟ್ಟದ್ದಕ್ಕೂ ವಿನಾಯಿತಿ ಇದೆ. ಇದರ ಫಲವಾಗಿ ಬೇರೆ ರಾಜ್ಯದಲ್ಲಿ ನೆಲೆಸಿದ ಮಗನಿಗೆ ತಂದೆ ತಾನು ಬದುಕಿರುವಾಗ ಕೈಯಾರೆ ಕೊಡಲಾಗದ ಬಂದೂಕು, ತಂದೆ ತೀರಿಕೊಂಡ ಮೇಲೆ ಉಯಿಲಿನ ಮೂಲಕ ನಿರಾತಂಕವಾಗಿ ಅವನ ಮನೆ ಸೇರಬಹುದು. ವಾಸಸ್ಥಳವೆಂದರೆ ಮನೆ ಮಾಡಿಕೊಂಡಿರುವ ಉದ್ದೇಶದಿಂದ ವ್ಯಕ್ತಿ ಇರುವ ರಾಜ್ಯವೆಂದು ನಿಯಮಗಳು ವಿವರಿಸುತ್ತವೆ. ಎರಡು ರಾಜ್ಯಗಳಲ್ಲಿ ಮನೆ ಮಾಡಿದವನು ತಾನಿದ್ದಷ್ಟು ಕಾಲ ಆಯಾ ರಾಜ್ಯದ ನಿವಾಸಿ, ಸೈನಿಕನು ಕಾಯಂ ನಿಯೋಜನೆಗೊಂಡ ಠಾಣ್ಯವಿರುವ ರಾಜ್ಯದ ನಿವಾಸಿ.

ಗಡಿ ದಾಟಿಸಬೇಕಾದ ಮಾರಾಟಕ್ಕೆ ಉಳಿದ ದಾರಿಯೆಂದರೆ ಪರವಾನಗಿ ಪಡೆದ ವ್ಯಾಪಾರಿ. ಮಾರುವವನು ಬಂದೂಕನ್ನು ಕೊಳ್ಳುವವನ ರಾಜ್ಯದ ವ್ಯಾಪಾರಿಗೆ ಕಳುಹಿಸುತ್ತಾನೆ. ವ್ಯಾಪಾರಿ ಅದನ್ನು ತನ್ನ ದಾಖಲೆ ಪುಸ್ತಕಕ್ಕೆ ಏರಿಸಿ, ಕೊಳ್ಳುವವನಿಂದ 4473 ಸಂಖ್ಯೆಯ ನಮೂನೆ ತುಂಬಿಸಿಕೊಂಡು, ಪೂರ್ವಾಪರ ತಪಾಸಣೆ ಮಾಡಿಸಿದ ನಂತರವೇ ಹಸ್ತಾಂತರಿಸುತ್ತಾನೆ. 1993ರ ಬ್ರೇಡಿ ಕಾಯ್ದೆಯ ಫಲವಾದ ಈ ತಪಾಸಣೆಯ ರಾಷ್ಟ್ರೀಯ ವ್ಯವಸ್ಥೆಯನ್ನು 1998ರ ನವೆಂಬರ್ 30ರಿಂದ ಎಫ್‌ಬಿಐ ನಡೆಸುತ್ತಿದೆ. ಹೀಗೆ ಅಂಗಡಿಯವನೇ ರಾಜ್ಯದ ಗಡಿಯ ಸುಂಕದ ಕಟ್ಟೆಯಾದನು. ನಡುವೆ ಬಂದ 1986ರ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆ ಈ ಕಟ್ಟೆಯನ್ನು ಒಂದು ಕಡೆ ಸಡಿಲಿಸಿತ್ತು: ಅದುವರೆಗೆ ನೆರೆರಾಜ್ಯದವರಿಗಷ್ಟೇ ರೈಫಲ್ ಮಾರಬಹುದಾಗಿದ್ದ ವ್ಯಾಪಾರಿ, ಗ್ರಾಹಕ ಎದುರಿಗೆ ಬಂದು ನಿಂತರೆ ಮತ್ತು ಎರಡೂ ರಾಜ್ಯಗಳ ಕಾನೂನು ಒಪ್ಪಿದರೆ, ಯಾವ ರಾಜ್ಯದವನಿಗಾದರೂ ಅದನ್ನು ಮಾರಬಹುದಾಯಿತು. ಪಿಸ್ತೂಲಿಗೆ ಈ ಸಡಿಲಿಕೆ ಸಿಗಲಿಲ್ಲ.

ಈ ವ್ಯವಸ್ಥೆಯ ಒಳಬಿರುಕು ಕಾಣುವುದು ನ್ಯಾಯಾಲಯಗಳಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಅಬ್ರಾಮ್ಸ್ಕಿ ಪ್ರಕರಣದಲ್ಲಿ, ವರ್ಜೀನಿಯಾದ ಮಾಜಿ ಪೊಲೀಸನೊಬ್ಬ ಪೊಲೀಸರಿಗಿದ್ದ ರಿಯಾಯಿತಿ ಬೆಲೆಯ ಆಸೆಯಿಂದ, ಪೆನ್ಸಿಲ್ವೇನಿಯಾದಲ್ಲಿದ್ದ ಬಂಧುವಿಗಾಗಿ ಗ್ಲಾಕ್ ಪಿಸ್ತೂಲೊಂದನ್ನು ಕೊಂಡಿದ್ದ. ಹಣಕ್ಕಾಗಿ ಬಂಧು ಮೊದಲೇ ಕಳುಹಿಸಿದ್ದ 400 ಡಾಲರ್ ಚೆಕ್ಕಿನ ಮೇಲೆ ಪಿಸ್ತೂಲಿನ ಹೆಸರೇ ಬರೆದಿತ್ತು. ಅಂತರರಾಜ್ಯ ನಿಯಮವನ್ನು ಆತ ಮುರಿಯಲಿಲ್ಲ: ಪಿಸ್ತೂಲನ್ನು ಪೆನ್ಸಿಲ್ವೇನಿಯಾದ ವ್ಯಾಪಾರಿಯ ಮೂಲಕವೇ ದಾಟಿಸಿದ, ಬಂಧು ತಪಾಸಣೆಯಲ್ಲಿ ತೇರ್ಗಡೆಯೂ ಆದ. ಆದರೆ ವರ್ಜೀನಿಯಾದ ಅಂಗಡಿಯಲ್ಲಿ ನಮೂನೆ ತುಂಬುವಾಗ ನಿಜವಾದ ಖರೀದಿದಾರ ತಾನೇ ಎಂದು ಗುರುತು ಹಾಕಿದ್ದು ಸುಳ್ಳು ಹೇಳಿಕೆಯೆಂದು ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದ ಐದು–ನಾಲ್ಕರ ತೀರ್ಪು ಎತ್ತಿಹಿಡಿಯಿತು. ಬೇನಾಮಿ ಖರೀದಿಗೆ ಅವಕಾಶವಿತ್ತರೆ ತಪಾಸಣೆ ಮತ್ತು ದಾಖಲೆಗಳೆರಡೂ ನಿರರ್ಥಕವಾಗುತ್ತವೆಂಬುದು ಬಹುಮತದ ವಾದ. ಬಂದೂಕು ಹೊಂದಲು ಅರ್ಹನಾದವನ ಪರವಾಗಿ ಮತ್ತೊಬ್ಬ ಅರ್ಹನು ಕೊಳ್ಳುವುದನ್ನು ಕಾಂಗ್ರೆಸ್ ಎಲ್ಲಿಯೂ ನಿಷೇಧಿಸಿಲ್ಲವೆಂಬುದು ಸ್ಕಾಲಿಯಾ ಅವರ ಭಿನ್ನಮತ. ನಿಯಮ ಪಾಲಿಸಲು ಅಷ್ಟು ಶ್ರಮಪಟ್ಟವನು ಅಪರಾಧಿಯಾದುದು ಕಠೋರವೆನಿಸಿದರೂ, ಅಂಗಡಿಯ ಕಟ್ಟೆಯೊಂದನ್ನೇ ನೆಚ್ಚಿದ ಕಾನೂನಿಗೆ ಅಲ್ಲಿ ಹೇಳುವ ಹೆಸರು ನಿಜವಾಗಿರಲೇಬೇಕಿತ್ತು.

1998ರ ಬ್ರಯನ್ ಪ್ರಕರಣ ಇದರ ಇನ್ನೊಂದು ಮುಖ: ಒಹಾಯೊದಲ್ಲಿ ಬೇನಾಮಿದಾರರಿಂದ ಪಿಸ್ತೂಲು ಕೊಳ್ಳಿಸಿ, ಸರಣಿ ಸಂಖ್ಯೆ ಅಳಿಸಿ, ಬ್ರೂಕ್ಲಿನ್‌ನ ಬೀದಿಮೂಲೆಗಳಲ್ಲಿ ಮಾರಿದವನು ಪರವಾನಗಿಯ ನಿಯಮವೇ ತಿಳಿದಿರಲಿಲ್ಲವೆಂದು ವಾದಿಸಿದಾಗ, ತಾನು ಮಾಡುತ್ತಿರುವುದು ಕಾನೂನುಬಾಹಿರವೆಂಬ ಅರಿವಿದ್ದರೆ ಸಾಕು, ಕಲಮಿನ ಪರಿಚಯ ಬೇಕಿಲ್ಲವೆಂದು ಕೋರ್ಟ್ ಹೇಳಿತು. ವ್ಯಾಪಾರಿಗಳು ಅನ್ಯರಾಜ್ಯದವರಿಗೆ ಪಿಸ್ತೂಲು ಮಾರಬಾರದೆಂಬ ನಿಷೇಧವನ್ನು ಟೆಕ್ಸಾಸ್‌ನ ಒಕ್ಕೂಟ ನ್ಯಾಯಾಲಯವೊಂದು 2015ರಲ್ಲಿ ರದ್ದುಪಡಿಸಿದರೂ, ಐವತ್ತು ರಾಜ್ಯಗಳ ಕಾನೂನುಗಳನ್ನೂ ಒಬ್ಬ ಅಂಗಡಿಯವನು ಬಲ್ಲವನಾಗಿರಬೇಕೆಂದು ನಿರೀಕ್ಷಿಸಲಾಗದೆಂಬ ಕಾರಣದಿಂದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅದನ್ನು ಮರುಸ್ಥಾಪಿಸಿತು.

ಬೇನಾಮಿ ಖರೀದಿ ಮತ್ತು ಬಂದೂಕು ಕಳ್ಳಸಾಗಣೆಗಳನ್ನು ಪ್ರತ್ಯೇಕ ಒಕ್ಕೂಟ ಅಪರಾಧಗಳಾಗಿ ಹೆಸರಿಸಿ, 15 ವರ್ಷಗಳವರೆಗೆ ಶಿಕ್ಷೆ ಗೊತ್ತುಪಡಿಸಿದ್ದು 2022ರ ಜೂನ್ 25ರಂದು ಜಾರಿಗೆ ಬಂದ ಕಾಯ್ದೆ. ಲಾಭವೇ ಪ್ರಧಾನ ಉದ್ದೇಶವಾಗಿ ಮತ್ತೆ ಮತ್ತೆ ಕೊಂಡು ಮಾರುವವನನ್ನು, ಅದು ಅವನ ಜೀವನೋಪಾಯ ಅಲ್ಲದಿದ್ದರೂ, ವ್ಯಾಪಾರಿಯೆಂದೇ ಎಣಿಸುವಂತೆ ಅದು ವ್ಯಾಖ್ಯೆಯನ್ನೂ ಬದಲಿಸಿತು. ಒಂದೇ ರಾಜ್ಯದೊಳಗಿನ ಬಿಡಿ ಮಾರಾಟವನ್ನು ಮಾತ್ರ ಅದು ಮುಟ್ಟಲಿಲ್ಲ. ಕ್ಯಾಲಿಫೋರ್ನಿಯಾ 1991ರಿಂದ, ಕೊಲೊರಾಡೊ 2013ರಿಂದ ಖಾಸಗಿ ಮಾರಾಟವೂ ವ್ಯಾಪಾರಿಯ ಮೂಲಕವೇ ಸಾಗಬೇಕೆಂದು ತಮ್ಮದೇ ಶಾಸನ ಮಾಡಿಕೊಂಡಿವೆ. ಅಂಥ ಶಾಸನವಿಲ್ಲದ ರಾಜ್ಯಗಳಲ್ಲಿ ಮಾರುವವನು ಕೊಳ್ಳುವವನ ಗುರುತಿನ ಚೀಟಿ ನೋಡಲೇಬೇಕೆಂದು ಒಕ್ಕೂಟ ಕಾನೂನು ಇಂದಿಗೂ ಹೇಳುವುದಿಲ್ಲ.