ಸಾಕ್ಷಿಗಳ ಹೆಸರೇ ಬಯಲುಮಾಡಿದ ಸುಳ್ಳು

ಹಿಜರಿ ಐದನೆಯ ಶತಮಾನದ ಬಗ್ದಾದ್. ಅಬ್ಬಾಸೀ ಖಲೀಫಾ ಅಲ್-ಖಾಇಮ್‌ರ ವಝೀರರಾಗಿದ್ದ ಇಬ್ನುಲ್ ಮುಸ್ಲಿಮಾರ ಮುಂದೆ ಒಂದು ಪತ್ರ ಬಂದಿತು. ಖೈಬರ್‌ನ ಯಹೂದಿಯರಿಗೆ ಪ್ರವಾದಿವರ್ಯರು(ಸ) ಜಿಝ್ಯಾ ತೆರಿಗೆಯಿಂದ ವಿನಾಯಿತಿ ನೀಡಿದ್ದರೆಂದು ಅದರಲ್ಲಿತ್ತು. ಕೈಬರಹ ಹಝ್ರತ್ ಅಲೀ(ರ)ರದ್ದೆಂದು ಹೇಳಲಾಗಿತ್ತು. ಸಾಕ್ಷಿಗಳಾಗಿ ಸಹಾಬಿಗಳ ಹೆಸರುಗಳಿದ್ದವು. ಇಂತಹ ಮಹನೀಯರ ಹೆಸರಿರುವ ಪತ್ರವನ್ನು ಸಂಶಯಿಸುವುದು ಸುಲಭವೇ?

ವಝೀರರು ಅದನ್ನು ‘ತಾರೀಖ್ ಬಗ್ದಾದ್’ ಗ್ರಂಥದ ಕರ್ತೃ, ಹದೀಸ್ ವಿದ್ವಾಂಸ ಖತೀಬ್ ಅಲ್-ಬಗ್ದಾದಿಯವರಿಗೆ ತೋರಿಸಿದರು. ಅವರು ಪರಿಶೀಲಿಸಿ, ಇದು ಕೃತಕವೆಂದರು. ಕಾರಣ ಕೇಳಿದಾಗ ಎರಡು ಹೆಸರುಗಳತ್ತ ಬೊಟ್ಟುಮಾಡಿದರು. ಖೈಬರ್ ವಿಜಯವಾದದ್ದು ಹಿಜರಿ 7ರಲ್ಲಿ. ಸಾಕ್ಷಿಯೆನ್ನಲಾದ ಮುಆವಿಯಾ(ರ) ಇಸ್ಲಾಮ್ ಸ್ವೀಕರಿಸಿದ್ದು ಹಿಜರಿ 8ರ ಮಕ್ಕಾ ವಿಜಯದ ವೇಳೆ. ಇನ್ನೊಬ್ಬ ಸಾಕ್ಷಿ ಸಅದ್ ಬಿನ್ ಮುಆದ್(ರ) ಹಿಜರಿ 5ರಲ್ಲೇ, ಖಂದಕ್ ಯುದ್ಧದ ಗಾಯದಿಂದ ನಿಧನರಾಗಿದ್ದರು.

ತರ್ಕಶಾಸ್ತ್ರದ, ಅಂದರೆ ಮಂತಿಖ್‌ನ ಭಾಷೆಯಲ್ಲಿ ಇದನ್ನು ಹೀಗೆ ಹೇಳಬಹುದು: ಪತ್ರ ನಿಜವಾಗಿದ್ದರೆ ಸಅದ್(ರ) ಹಿಜರಿ 7ರಲ್ಲಿ ಜೀವಂತರಿರಬೇಕು, ಅವರು ಜೀವಂತರಿರಲಿಲ್ಲ, ಆದ್ದರಿಂದ ಪತ್ರ ನಿಜವಲ್ಲ. ಪತ್ರಕ್ಕೆ ಬಲ ತರಲೆಂದು ಸೇರಿಸಿದ ಹೆಸರೇ ಅದರ ಸುಳ್ಳನ್ನು ಬಯಲಿಗೆಳೆಯಿತು.

ಆದರೆ ನಾವು ಒಂದು ವಿಷಯವನ್ನು ಮರೆಯಬಾರದು. ವೈರುಧ್ಯ ಕಂಡರೆ ಸುಳ್ಳು ಖಚಿತ; ಕಾಣದಿದ್ದರೆ ಸತ್ಯ ಖಚಿತವಲ್ಲ. ಕಾಲಗಣನೆ ಬಲ್ಲವನು ಪತ್ರವನ್ನು ಸೃಷ್ಟಿಸಿದ್ದರೆ ಈ ಒಂದು ಪರೀಕ್ಷೆಯಲ್ಲಿ ಅದು ಪಾರಾಗುತ್ತಿತ್ತು. ಆದ್ದರಿಂದಲೇ ಮುಹದ್ದಿಸರು ಇಷ್ಟಕ್ಕೇ ನಿಲ್ಲಲಿಲ್ಲ. ಸನದ್ ಕಡಿಯದೆ ಬಂದಿದೆಯೇ, ವರದಿಗಾರನು ಸತ್ಯವಂತನೇ, ಅವನ ಸ್ಮರಣಶಕ್ತಿ ದೃಢವೇ, ಅವನಿಗಿಂತ ವಿಶ್ವಾಸಾರ್ಹರಾದವರ ವರದಿಗೆ ಅದು ವಿರುದ್ಧವಾಗಿದೆಯೇ, ಅದರಲ್ಲಿ ಗುಪ್ತ ದೋಷವಿದೆಯೇ ಎಂದು ಒಂದೊಂದಾಗಿ ಶೋಧಿಸಿದರು. ವರದಿಗಾರನು ಧರ್ಮನಿಷ್ಠನೆಂಬ ಮಾತ್ರಕ್ಕೆ ಅವನ ಮರೆವನ್ನು ಮನ್ನಿಸಲಿಲ್ಲ.

ಪವಿತ್ರ ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯದ 6ನೆಯ ಸೂಕ್ತವು, ಕರ್ಮಭ್ರಷ್ಟನು ತಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಆದೇಶಿಸುತ್ತದೆ. ಅರಿಯದೆ ಒಂದು ಜನಾಂಗಕ್ಕೆ ಹಾನಿಯೆಸಗಿ ಬಳಿಕ ಪಶ್ಚಾತ್ತಾಪಪಡುವ ಪಾಡು ಬರಬಾರದೆಂಬುದೇ ಅದರ ಕಾರಣ. ಇಂದು ನಮ್ಮ ಮೊಬೈಲಿಗೆ ಬರುವ ಸಂದೇಶಗಳಲ್ಲೂ ‘ಹದೀಸ್’ ಎಂಬ ತಲೆಬರಹವಿರುತ್ತದೆ, ದೊಡ್ಡವರ ಹೆಸರಿರುತ್ತದೆ. ನಮಗೆ ಅಪ್ರಿಯವಾದುದನ್ನು ಮಾತ್ರ ಪರೀಕ್ಷಿಸಿ, ಪ್ರಿಯವಾದುದನ್ನು ಹಾಗೆಯೇ ಹಂಚಿದರೆ ಅದು ಪರಿಶೀಲನೆಯಲ್ಲ, ಪಕ್ಷಪಾತ. ಹಂಚುವ ಮುನ್ನ ಯಾರು ಹೇಳಿದರು, ಯಾವಾಗ ಹೇಳಿದರು, ಅದು ಸಾಧ್ಯವಿತ್ತೇ ಎಂದು ಮನೆಯ ಮಕ್ಕಳೊಂದಿಗೆ ಕುಳಿತು ಕೇಳಿಕೊಳ್ಳೋಣ. ಉತ್ತರ ಸಿಗದಿದ್ದರೆ ಆ ಮಾತು ನಮ್ಮಲ್ಲಿಯೇ ನಿಲ್ಲಲಿ.

ಸತ್ಯವನ್ನು ಸತ್ಯವಾಗಿ ಗುರುತಿಸುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.