ಬಣ್ಣ ತಪ್ಪಿದರೆ ಆಟ ತಪ್ಪಿತು

ಗಂಜೀಫಾದ ಎಲೆ ಸಾಮಾನ್ಯವಾಗಿ ದುಂಡಗಿರುತ್ತದೆ. ಹತ್ತಾರು ಎಲೆಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದಾಗ ಪ್ರತಿಯೊಂದರ ಅಂಚಿನ ಒಂದು ಚೂರು ಮಾತ್ರ ಆಟಗಾರನಿಗೆ ಕಾಣುತ್ತದೆ. ಆ ಚೂರಿನ ಬಣ್ಣದಿಂದಲೇ ಎಲೆ ಯಾವ ಪಂಗಡದ್ದೆಂದು ತಿಳಿಯಬೇಕು. ದಶಾವತಾರದ ಕಟ್ಟಿನಲ್ಲಿ ಹತ್ತು ಪಂಗಡ, ಒಂದೊಂದರಲ್ಲೂ ರಾಜ, ಪ್ರಧಾನಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಲೆಕ್ಕ ತಿರುವುಮುರುವಾಗಿ ಒಂದೇ ದೊಡ್ಡದು. ಪಂಗಡ ಗುರುತಿಸುವುದರಲ್ಲಿ ತಪ್ಪಿದವನು ಗೆಲ್ಲುವ ಎಲೆಯನ್ನೇ ಕೈಯಾರೆ ಬಿಟ್ಟುಕೊಡುತ್ತಾನೆ. ಹಾಗಾಗಿ ಇಲ್ಲಿ ಬಣ್ಣ ಬರಿಯ ಅಲಂಕಾರವಲ್ಲ.

ಕೊಂಕಣದ ಸಾವಂತವಾಡಿಯ ಚಿತಾರಿಗಳು ಈ ಎಲೆ ಮಾಡುತ್ತಿದ್ದ ಕ್ರಮ ನಿಧಾನದ್ದು. ಹುಣಸೆಬೀಜದ ಅಂಟಿನಿಂದ ಕಾಗದವನ್ನೋ ಬಟ್ಟೆಯನ್ನೋ ಪದರಪದರವಾಗಿ ಅಂಟಿಸಬೇಕು. ಮೇಲೆ ಸೀಮೆಸುಣ್ಣದ ಲೇಪ ಕೊಟ್ಟು, ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ದುಂಡಗೆ ಕತ್ತರಿಸಬೇಕು. ಬಣ್ಣದ ಕೆಲಸ ಆಮೇಲೆ. ಮೊದಲು ನೆಲದ ಬಣ್ಣ, ಒಣಗಿದ ಮೇಲೆ ಅಂಚಿನ ಪಟ್ಟಿ, ಆಮೇಲೆ ಮೀನು, ಆಮೆ, ಶಂಖ, ಕೊಡಲಿಯಂಥ ಗುರುತುಗಳು, ಕೊನೆಗೆ ಸಣ್ಣ ಕುಂಚದ ಗೆರೆ. ಎಲ್ಲದರ ಮೇಲೂ ಅರಗಿನ ಮೆರುಗು. ಈ ಮೆರುಗು ಬೆವರು ತಾಗಿದರೆ ಬಣ್ಣ ಕದಡದಂತೆ ಕಾಯುತ್ತದೆ, ಎಲೆಯ ಬೆನ್ನನ್ನೂ ಕಾಯುತ್ತದೆ. ಬೆನ್ನ ಮೇಲೆ ಒಂದು ಗೀರು ಬಿದ್ದರೂ ಆ ಎಲೆ ಎದುರಾಳಿಗೆ ಗುರುತಾಗಿಬಿಡುತ್ತದೆ. 120 ಬೆನ್ನುಗಳು ಒಂದೇ ಥರ ಇರಬೇಕೆಂಬುದು ಕೈಕೆಲಸದವನಿಗೆ ಸಣ್ಣ ಷರತ್ತೇನಲ್ಲ. ಶ್ರೀಮಂತರಿಗೆ ದರ್ಬಾರಿ ಕಟ್ಟು, ಉಳಿದವರಿಗೆ ಬಜಾರಿನ ಕಟ್ಟು ಎಂಬ ಭೇದವಿತ್ತು. ಅಗ್ಗದ ಕಟ್ಟಿನಲ್ಲಿ ಚಿತ್ರ ಒರಟಾದರೂ ನಡೆಯುತ್ತಿತ್ತು, ಬಣ್ಣ ಮಾತ್ರ ಅದಲುಬದಲಾಗುವಂತಿರಲಿಲ್ಲ.

ಒಂದೇ ರೂಪದ ಎಲೆ ಬೇಕೆಂಬ ಇದೇ ತೊಡಕನ್ನು ಯುರೋಪಿನವರು ಬೇರೆ ದಾರಿಯಲ್ಲಿ ಬಿಡಿಸಿಕೊಂಡರು. ಮರದ ಹಲಗೆಯಲ್ಲಿ ಚಿತ್ರದ ಗೆರೆಗಳನ್ನು ಕೊರೆದು, ಮಸಿ ಬಳಿದು, ದೊಡ್ಡ ಹಾಳೆಯ ಮೇಲೆ ಹಲವು ಎಲೆಗಳನ್ನು ಒಟ್ಟಿಗೇ ಒತ್ತಿದರು. ಬಣ್ಣಕ್ಕೆ ತೂತು ಕೊರೆದ ಹಾಳೆ ಬಂತು, ನಮ್ಮ ಮನೆಯಂಗಳದ ರಂಗೋಲಿ ಅಚ್ಚಿನ ಹಾಗೆ. ಕೆಂಪಿಗೊಂದು, ಹಳದಿಗೊಂದು, ನೀಲಿಗೊಂದು. ಅದನ್ನು ಚಿತ್ರದ ಮೇಲಿಟ್ಟು ಅಗಲ ಕುಂಚ ಎಳೆದರೆ ಸಾಲುಸಾಲು ರಾಜರ ನಿಲುವಂಗಿ ಒಮ್ಮೆಗೇ ಕೆಂಪಾಗುತ್ತಿತ್ತು. ಯೋಸ್ಟ್ ಅಮ್ಮಾನ್ 1568ರಲ್ಲಿ ಕಸುಬುಗಳ ಪುಸ್ತಕಕ್ಕಾಗಿ ಮಾಡಿದ ಮರದಚ್ಚಿನ ಚಿತ್ರವೊಂದರಲ್ಲಿ ಇಂಥ ಕೆಲಸಗಾರ ಬಣ್ಣದ ಬಟ್ಟಲುಗಳ ನಡುವೆ ಕುಳಿತಿದ್ದಾನೆ. ಈ ವಿಧಾನಕ್ಕೂ ಅದರದೇ ತಾಪತ್ರಯಗಳಿದ್ದವು. ತೂತುಹಾಳೆಯಲ್ಲಿ ಪೂರ್ತಿ ಬಳೆ ಕೊರೆಯಲಾಗದು, ನಡುವಿನ ತುಂಡು ಕಳಚಿ ಬೀಳುತ್ತದೆ. ಬಣ್ಣ ನೀರಾದರೆ ಅಂಚಿನಡಿ ಹರಿಯುತ್ತದೆ. ಹಾಳೆ ಕೂದಲೆಳೆಯಷ್ಟು ಜರುಗಿದರೂ ರಾಜನ ಕೆನ್ನೆಯ ಕೆಂಪು ಗಡ್ಡಕ್ಕೆ ಇಳಿಯುತ್ತದೆ. ಹಳೆಯ ಯುರೋಪಿನ ಎಲೆಗಳಲ್ಲಿ ಗೆರೆಯಾಚೆ ಚೆಲ್ಲಿದ ಬಣ್ಣ ಎಷ್ಟು ಬೇಕಾದರೂ ಸಿಗುತ್ತದೆ.

ಆದರೆ ಅಗ್ಗ. ವೆನಿಸ್ ನಗರದ ಕುಶಲಕರ್ಮಿಗಳು ಹೊರಗಿನಿಂದ ಬರುವ ಆಟದ ಎಲೆಗಳೂ ಅಚ್ಚೊತ್ತಿ ಬಣ್ಣ ಹಚ್ಚಿದ ಚಿತ್ರಗಳೂ ತಮ್ಮ ಕಸುಬನ್ನು ಹಾಳುಮಾಡುತ್ತಿವೆ ಎಂದು ದೂರಿದರು. 1441ರಲ್ಲಿ ನಗರದ ಆಡಳಿತ ಅಂಥ ಸರಕಿನ ಆಮದನ್ನೇ ನಿಷೇಧಿಸಿತು. ದೂರು ಕೇಳುವವರಿದ್ದರು ಎಂಬುದು ಗಮನಿಸಬೇಕಾದ ಮಾತು.

1831ರಲ್ಲಿ ಲಂಡನ್ನಿನ ಥಾಮಸ್ ಡಿ ಲಾ ರೂ ಎಲೆಗಳ ಮೇಲೆ ಬಣ್ಣವನ್ನೇ ಯಂತ್ರದಲ್ಲಿ ಮುದ್ರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನೀರುಬಣ್ಣದ ಜಾಗಕ್ಕೆ ಎಣ್ಣೆಯ ಶಾಯಿ ಬಂತು, ತೂತುಹಾಳೆ ಮೂಲೆ ಸೇರಿತು. (ಮುಂದೆ ಇದೇ ಕಂಪನಿ ಬ್ರಿಟಿಷ್ ಭಾರತದ ಅಂಚೆಚೀಟಿಗಳನ್ನೂ ಅಚ್ಚು ಹಾಕಿತು.) ಅದೇ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡರು. ರಾಜ್ಯಭಾರ ಹೋದ ಅರಸರು ಸಾಹಿತ್ಯ, ಚಿತ್ರ, ಆಟಗಳಲ್ಲಿ ಮುಳುಗಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ನಿಧಿ ಕೌತುಕನಿಧಿ. ಅದರಲ್ಲಿ ಛದದ ಆಟಗಳ, ಅಂದರೆ ಮೈಸೂರಿನ ಗಂಜೀಫಾದ, ವಿವರಣೆ ಇದೆ. ಅವುಗಳಲ್ಲಿ ದೊಡ್ಡ ಆಟಕ್ಕೆ 360 ಎಲೆ ಬೇಕು. ಅತ್ತ ಯಂತ್ರ ಎಲೆಯನ್ನು ಅಗ್ಗ ಮಾಡುತ್ತಿದ್ದ ಕಾಲದಲ್ಲಿ ಇತ್ತ ಅರಮನೆ ಅದನ್ನು ಇನ್ನಷ್ಟು ದುಬಾರಿ ಮಾಡುತ್ತಿತ್ತು. ಇದನ್ನು ಅರಸರ ಹುಚ್ಚು ಎಂದು ತಳ್ಳಿಹಾಕುವುದು ಸುಲಭ, ಆದರೆ ಮೈಸೂರಿನ ಚಿತ್ರಗಾರರ ಕುಂಚಕ್ಕೆ ಕೆಲಸ ಕೊಟ್ಟದ್ದು ಆ ಹುಚ್ಚೇ.

ಅರಮನೆಯ ಹೊರಗೆ ಮಾತು ಬೇರೆ. 52 ಎಲೆಗಳ ಇಸ್ಪೀಟು ಎಲ್ಲೆಡೆ ಹಬ್ಬಿತು. ಅದರ ಜೊತೆ ಪದಗಳೂ ಬಂದವು. ಕಳಾವರ ಎಂದಾಗ ಡಚ್ಚರ ಕ್ಲಾವರ್ ಕೇಳಿಸುತ್ತದೆ, ತುರುಪು ಎಂದಾಗ ಅವರ ಟ್ರೂಫ್. ಎಲೆ ಸವೆದರೆ ಕೆಲವೇ ಕಾಸಿಗೆ ಹೊಸ ಕಟ್ಟು ಸಿಗುವಾಗ ತಿಂಗಳುಗಟ್ಟಲೆ ಚಿತಾರಿಗಾಗಿ ಕಾಯುವವರು ಯಾರು? ವೆನಿಸಿನವರಂತೆ ದೂರು ಕೊಡಲು ಇವರಿಗೆ ಕಟ್ಟೆಯೂ ಇರಲಿಲ್ಲ, ಆಮದು ತಡೆಯುವ ಅಧಿಕಾರ ಆಮದು ಮಾಡುವವರ ಕೈಯಲ್ಲೇ ಇತ್ತು.

1970ರ ದಶಕದ ಆರಂಭದಲ್ಲಿ ಸಾವಂತವಾಡಿಯ ರಾಜಮನೆತನದ ಶಿವರಾಮರಾಜೇ ಭೋಸಲೆ ಮತ್ತು ಸತ್ವಶೀಲಾದೇವಿ ಈ ಕೆಲಸಕ್ಕೆ ಮತ್ತೆ ಜೀವ ಕೊಡಲು ಹೊರಟಾಗ ಅದನ್ನು ಬಲ್ಲವರು ತೀರ ಕಡಿಮೆ. ಹಳೆಯ ಚಿತಾರಿಯೊಬ್ಬರಿಂದ ಕಲಿತು ಅರಮನೆಯಲ್ಲೇ ಹೊಸಬರನ್ನು ಕೂರಿಸಿ ಕೆಲಸ ಶುರುವಾಯಿತು. ನಮ್ಮಲ್ಲಿ ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ಮೈಸೂರು ಶೈಲಿಯನ್ನು ಮತ್ತೆ ಜನರ ಕಣ್ಣಿಗೆ ತಂದರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬಣ್ಣದ ಕೈಚಳಕ ಹೀಗೆ ಉಳಿದರೂ ಆಟ ಬಲ್ಲವರು ಕಡಿಮೆಯಾದರು. ಕೊಂಡವರಲ್ಲಿ ಬಹಳ ಮಂದಿ ಎಲೆಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಗೀರಿಲ್ಲದ ಬೆನ್ನು ಗೋಡೆಯ ಕಡೆಗಿರುತ್ತದೆ.